ಬಲಗಿವಿಯ ಪಾಲು

ನನ್ನ ಕೈಚೀಲದ ಒಳಜೇಬಿನಲ್ಲಿ ತಂತಿಯ ಇಯರ್‌ಫೋನ್ ಒಂದಿದೆ. ನನ್ನ ವಿದ್ಯಾರ್ಥಿಗಳು ಈಗ ಕಡಲೆಬೀಜದಂಥ ಬಿಳಿಯ ವಸ್ತುವನ್ನು ಕಿವಿಯಲ್ಲಿ ಸಿಕ್ಕಿಸಿಕೊಂಡು, ಯಾವ ತಂತಿಯ ಹಂಗೂ ಇಲ್ಲದೆ, ಪಾಠ ಕೇಳುತ್ತಿರುವವರ ಮುಖಮುದ್ರೆಯಲ್ಲಿಯೇ ಕುಳಿತಿರುತ್ತಾರೆ. ನನ್ನದು ಅಂಥದ್ದಲ್ಲ. ಇದರ ತಂತಿ ಅಲ್ಲಲ್ಲಿ ಸುಲಿದು, ಆ ಜಾಗಗಳಿಗೆ ಸೈಕಲ್ ಅಂಗಡಿಯ ಕಪ್ಪು ಟೇಪು ಸುತ್ತಿದೆ. ಎಡಗಿವಿಯ ತುದಿ ನೆಟ್ಟಗಿದೆ. ಬಲಗಿವಿಯ ತುದಿಯ ರಬ್ಬರು ಎಂದೋ ಕಳಚಿ ಬಿದ್ದುಹೋಗಿ, ಅದರ ಬದಲಿಗೆ ದನದ ಆಸ್ಪತ್ರೆಯ ಹತ್ತಿಯನ್ನು ಉಂಡೆ ಮಾಡಿ ಅಂಟಿಸಲಾಗಿದೆ. ಮೂಗಿನ ಬಳಿ ಹಿಡಿದರೆ ಈಗಲೂ ಫಿನಾಯಿಲಿನ ವಾಸನೆ ಬರುತ್ತದೆ. ಪದವೀಧರನೊಬ್ಬ ಬಸ್ಸಿನಲ್ಲಿ ಕುಳಿತು ಇಯರ್‌ಫೋನನ್ನು ಮೂಸಿ ನೋಡುವುದು ಶೋಭಿಸುವ ಕೆಲಸವಲ್ಲವೆಂದು ನಾನು ಬಲ್ಲೆ. ಆದರೂ ಕೆಲವು ದಿನ ಮೂಸುತ್ತೇನೆ.

ಎಡಗಿವಿಯದು ನನ್ನ ಪಾಲು. ಬಲಗಿವಿಯದು ಮರಿಸ್ವಾಮಣ್ಣನವರದು. ಹೆಮ್ಮಿಗೆಯ ಮರಿಸ್ವಾಮಣ್ಣ ನಂಜನಗೂಡಿನ ಒಂದು ದನದ ಆಸ್ಪತ್ರೆಯಲ್ಲಿ ಡಿ ಗ್ರೂಪ್ ನೌಕರರಾಗಿದ್ದರು. ನಾನು ಅದೇ ಊರಿನ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರದ ಅತಿಥಿ ಉಪನ್ಯಾಸಕ. ಅತಿಥಿ ಎಂಬ ಶಬ್ದವನ್ನು ಯಾರು ಆರಿಸಿದರೋ ತಿಳಿಯದು; ವರ್ಷಾನುಗಟ್ಟಲೆ ಬಂದು ಹೋದರೂ ಇವನನ್ನು ಮನೆಯವನೆಂದು ಯಾರೂ ತಿಳಿಯಬಾರದು ಎಂಬ ಎಚ್ಚರಿಕೆ ಅದರಲ್ಲಿದೆ. ಟಿ. ನರಸೀಪುರದಿಂದ ಹೊರಡುವ ಬೆಳಗಿನ ಬಸ್ಸಿನಲ್ಲಿ ನಾವಿಬ್ಬರೂ ಒಂದೇ ಸೀಟಿನಲ್ಲಿ ಕುಳಿತು, ಒಂದೇ ಇಯರ್‌ಫೋನಿನ ಎರಡು ತುದಿಗಳನ್ನು ಹಂಚಿಕೊಂಡು, ಅಮೆರಿಕದ ಹಳ್ಳಿಗಾಡಿನ ಹಾಡುಗಳನ್ನು ಕೇಳುತ್ತಿದ್ದೆವು. ಆ ದೇಶದವರು ಅದನ್ನು ಕಂಟ್ರಿ ಮ್ಯೂಸಿಕ್ ಎನ್ನುತ್ತಾರೆ. ಮರಿಸ್ವಾಮಣ್ಣ ‘ಇಂಗ್ಲೀಸ್ ಪದ’ ಎನ್ನುತ್ತಿದ್ದರು.

ಕಳೆದ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಮಹಾಲಯ ಅಮಾವಾಸ್ಯೆ ಸಮೀಪಿಸಿದಾಗ ಅವರ ಹೆಂಡತಿ ಸಣ್ಣಮ್ಮನವರು ನನಗೆ ಫೋನು ಮಾಡಿದರು.

“ಮೇಷ್ಟ್ರೇ, ನಾನು ಸಣ್ಣಮ್ಮ ಕಣಪ್ಪ, ಎಮ್ಮಿಗೆಯಿಂದ. ಅಮಾಸೆಗೆ ಎಡೆ ಇಡ್ತೀವಿ. ಅವ್ರ್‌ಗಿದು ಮೊದಲ್ನೇ ವರ್ಸ. ಇಷ್ಟವಾದುದ್ದೆಲ್ಲ ಒಂಚಿ ಮಡಗಿವ್ನಿ. ಕೋಳಿ, ಕಜ್ಜಾಯ, ಬೀಡಿ, ಎಲೆಅಡ್ಕೆ ಎಲ್ಲ ಆಗದೆ. ಆ ಇಂಗ್ಲೀಸ್ ಪದ ಒಂದು ಬಾಕಿ. ಅದ ನೀವೇ ತರ್ಬೇಕು.”

“ಯಾವ ಹಾಡು, ಅಕ್ಕ?”

“ಅದ ನನ್ನ ಕೇಳ್ತೀರಲ್ಲ! ದಿನಾ ಜೊತೇಲಿ ಕೂತ್ಕಂಡು ಕೇಳ್ದವ್ರು ನೀವು.”

ನಮ್ಮ ಕಡೆಯ ಎಡೆಯ ವಿಷಯ ನಿಮಗೆ ತಿಳಿದಿರಬಹುದು. ತೀರಿಕೊಂಡವರ ಪಟದ ಮುಂದೆ ಬಾಳೆಯೆಲೆ ಹಾಸಿ, ಬದುಕಿದ್ದಾಗ ಅವರು ಏನನ್ನು ಇಷ್ಟಪಟ್ಟರೋ ಅದನ್ನೆಲ್ಲ ಬಡಿಸಿ, ಸಾಂಬ್ರಾಣಿ ಹಾಕಿ, ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಮುಚ್ಚುತ್ತಾರೆ. ಹಿರಿಯರು ಬಂದು, ಯಾರ ಕಣ್ಣಿಗೂ ಬೀಳದೆ, ನಾಚಿಕೆಯಿಲ್ಲದೆ ಉಣ್ಣಲಿ ಎಂದು. ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ತಟ್ಟಿ, ಸದ್ದು ಮಾಡಿ, ಒಳಗೆ ಹೋಗುತ್ತಾರೆ. ಮೊದಲ ವರ್ಷ ಬಂದವರಿಗೆ ತಾವು ಬಯಸಿದ್ದು ಕಾಣದಿದ್ದರೆ ಅವರು ಅರೆಹೊಟ್ಟೆಯಲ್ಲಿ ಎದ್ದು ಹೋಗುತ್ತಾರೆ, ಮತ್ತೆ ಬರುವ ಮನಸ್ಸು ಮಾಡುವುದಿಲ್ಲ ಎಂಬುದು ಸಣ್ಣಮ್ಮನವರ ನಂಬಿಕೆ. ಆ ನಂಬಿಕೆಯ ಭಾರವೆಲ್ಲ ಈಗ ನನ್ನ ಹಳೆಯ ಫೋನಿನ ಮೇಲೆ ಬಂದು ಕುಳಿತಿತ್ತು. ಮರಿಸ್ವಾಮಣ್ಣನವರಿಗೆ ಯಾವ ಹಾಡು ಇಷ್ಟವಾಗಿತ್ತು? ನನಗೆ ಗೊತ್ತಿದೆ ಎಂದೇ ನಾನು ಅಂದುಕೊಂಡಿದ್ದೆ.

ನಾನು ಈ ಹಾಡುಗಳ ಅಭಿಮಾನಿಯಾದ ಬಗೆಯನ್ನು ಇಲ್ಲಿ ಹೇಳಬೇಕು. ಹೇಳಲು ಸಂಕೋಚವೂ ಇದೆ. ನಮ್ಮ ಮನೆಯಲ್ಲಿ ಪದವಿಯವರೆಗೆ ಓದಿದವನು ನಾನೇ ಮೊದಲಿಗ. ಮೊದಲಿಗನಾದವನಿಗೆ ಒಂದು ತೊಂದರೆಯಿದೆ. ತಾನು ಮಾಡುತ್ತಿರುವುದು ಸರಿಯೋ ತಪ್ಪೋ ಎಂದು ಕೇಳಲು ಮನೆಯಲ್ಲಿ ಯಾರೂ ಇರುವುದಿಲ್ಲ. ಆದ್ದರಿಂದ ಅವನು ಊರಿನವರೆಲ್ಲರ ಮುಖ ನೋಡುತ್ತಾನೆ. ಹೋಟೆಲಿನಲ್ಲಿ ಚಮಚ ಹಿಡಿಯುವ ಮೊದಲು ಪಕ್ಕದ ಮೇಜನ್ನು ನೋಡುತ್ತಾನೆ. ಸಭೆಯಲ್ಲಿ ಚಪ್ಪಾಳೆ ತಟ್ಟುವ ಮೊದಲು ಮುಂದಿನ ಸಾಲನ್ನು ನೋಡುತ್ತಾನೆ. ವಿದ್ಯಾವಂತನಿಗೆ ತಕ್ಕ ಸಂಗೀತ ಯಾವುದೆಂದು ವಿಚಾರಿಸಿ, ಶಾಸ್ತ್ರೀಯ ಸಂಗೀತವೆಂದು ತಿಳಿದು, ಮೈಸೂರಿನಲ್ಲಿ ಓದುತ್ತಿದ್ದಾಗ ನಾನು ಒಂದು ಕಛೇರಿಗೆ ಹೋಗಿದ್ದೆ. ಮುಂದಿನ ಸಾಲಿನ ಹಿರಿಯರು ತೊಡೆ ತಟ್ಟಿದಾಗಲೆಲ್ಲ ನಾನೂ ತಟ್ಟಿದೆ. ಕಛೇರಿ ಮುಗಿಯುವಷ್ಟರಲ್ಲಿ ತೊಡೆ ನೋಯುತ್ತಿತ್ತೇ ಹೊರತು ಮತ್ತೇನೂ ಆಗಿರಲಿಲ್ಲ.

ಅದೇ ಕಾಲದಲ್ಲಿ ಇಂಗ್ಲಿಷಿನ ಭಯವೂ ಇತ್ತು. ಇಂಗ್ಲಿಷ್ ಹಾಡು ಕೇಳಿದರೆ ಉಚ್ಚಾರಣೆ ಸುಧಾರಿಸುತ್ತದೆ ಎಂದು ಉಪನ್ಯಾಸಕರೊಬ್ಬರು ತರಗತಿಯಲ್ಲಿ ಹೇಳಿದ್ದನ್ನು ಇತರರು ಮರೆತರು, ನಾನು ಪಾಲಿಸಿದೆ. ಮೊಬೈಲ್ ಅಂಗಡಿಗೆ ಹೋಗಿ, “ಸ್ಪಷ್ಟವಾಗಿ, ನಿಧಾನವಾಗಿ ಹಾಡಿರುವ ಇಂಗ್ಲಿಷ್ ಹಾಡುಗಳನ್ನು ಮೆಮೊರಿ ಕಾರ್ಡಿಗೆ ತುಂಬಿಕೊಡಿ” ಎಂದು ಕೇಳಿದೆ. ಅಂಗಡಿಯಾತ ನನ್ನನ್ನು ಒಮ್ಮೆ ನೋಡಿ, ತನ್ನ ಕಂಪ್ಯೂಟರಿನ ಯಾವುದೋ ಮೂಲೆಯಲ್ಲಿ ಯಾರಿಗೂ ಬೇಡವಾಗಿ ಬಿದ್ದಿದ್ದ ಹಾಡುಗಳ ಕಟ್ಟೊಂದನ್ನು ಅದಕ್ಕೆ ಸುರಿದ. ಹಾಸ್ಟೆಲಿನ ತಾರಸಿಯಲ್ಲಿ, ನಿಘಂಟನ್ನು ತೊಡೆಯ ಮೇಲಿರಿಸಿಕೊಂಡು, ಕೇಳಲು ಕುಳಿತೆ. ಇಂಗ್ಲಿಷಿನಲ್ಲಿ ಹಾಡುವವರು ಉನ್ನತವಾದುದನ್ನೇನೋ ಹಾಡುತ್ತಾರೆ ಎಂಬುದು ನನ್ನ ನಿರೀಕ್ಷೆಯಾಗಿತ್ತು. ಅವರು ನೋಡಿದರೆ ತಾಯಿ ಬಟ್ಟೆ ಮಡಿಸುವುದನ್ನು ಹಾಡುತ್ತಿದ್ದರು. ಹಳೆಯ ಲಾರಿಯನ್ನು, ಸತ್ತ ನಾಯಿಯನ್ನು, ಕೆಲಸ ಕಳೆದುಕೊಂಡು ಮನೆಗೆ ಹೋಗಲು ಹಿಂಜರಿದು ರಸ್ತೆಯಲ್ಲಿ ನಿಂತಿರುವುದನ್ನು ಹಾಡುತ್ತಿದ್ದರು. ಇಂಗ್ಲಿಷಿನಲ್ಲಿಯೂ ಜನರು ಬಡವರಾಗಿರುತ್ತಾರೆ ಎಂಬುದು ನನಗೆ ಅಂದು ಮೊದಲ ಬಾರಿಗೆ ತಿಳಿಯಿತು. ಆ ತಾರಸಿಯಲ್ಲಿ ನಾನು ನಿಘಂಟನ್ನು ಮುಚ್ಚಿಟ್ಟು ಸುಮ್ಮನೆ ಕುಳಿತದ್ದು ನೆನಪಿದೆ. ಬಹಳ ದಿನಗಳ ಮೇಲೆ ಯಾರೋ ನನ್ನ ಹೆಸರು ಹಿಡಿದು ಕರೆದಂತಾಗಿತ್ತು.

ಉಚ್ಚಾರಣೆ ಸುಧಾರಿಸಲಿಲ್ಲ. ಒಮ್ಮೆ ಸಂದರ್ಶನದಲ್ಲಿ ನನ್ನ ಇಂಗ್ಲಿಷ್ ಕೇಳಿದ ಹಿರಿಯರೊಬ್ಬರು, “ನೀವು ಹೊರದೇಶದಲ್ಲಿ ಕುದುರೆ ಸಾಕುತ್ತಿದ್ದಿರೇನು?” ಎಂದು ಕೇಳಿದ್ದುಂಟು. ಹವ್ಯಾಸವೇನೆಂದು ಅದೇ ಸಂದರ್ಶನದಲ್ಲಿ ಕೇಳಿದಾಗ ‘ಪುಸ್ತಕ ಓದುವುದು’ ಎಂದು ಹೇಳಿದೆ. ಕೇಳಿದವರಿಗೂ ಹೇಳಿದವನಿಗೂ ಅದರಿಂದ ನೆಮ್ಮದಿಯಾಯಿತು.

ಆ ಕಾರ್ಡಿನಲ್ಲಿ ಒಂದು ಹಾಡನ್ನು ಮಾತ್ರ ನಾನು ಕೇಳುತ್ತಿರಲಿಲ್ಲ. ಅದು ಹಾಡಿನಂತೆ ಆರಂಭವಾಗುವುದೇ ಇಲ್ಲ. ಒಬ್ಬ ಮುದುಕ ಏನನ್ನೋ ಮಾತಾಡುತ್ತಾನೆ, ನಡುವೆ ತಾನೇ ನಗುತ್ತಾನೆ. ಹಾಸ್ಟೆಲಿನ ದಿನಗಳಲ್ಲಿ ಅವನ ಮಾತನ್ನು ಬರೆದುಕೊಳ್ಳಲು ಎಷ್ಟೋ ಸಲ ಹವಣಿಸಿ, ಒಂದು ವಾಕ್ಯವೂ ಹಿಡಿತಕ್ಕೆ ಸಿಗದೆ, ಕೊನೆಗೆ ಕೈಬಿಟ್ಟಿದ್ದೆ. ಅರ್ಥವಾಗದ ಇಂಗ್ಲಿಷ್ ಎದುರಾದಾಗ ನನಗೆ ಈಗಲೂ ಅಂಗೈ ಬೆವರುತ್ತದೆ. ಅಂದಿನಿಂದ ಆ ಮುದುಕನ ದನಿ ಕೇಳಿದೊಡನೆ ನನ್ನ ಹೆಬ್ಬೆರಳು ತಾನಾಗಿ ಮುಂದಿನ ಹಾಡಿಗೆ ಹಾರುತ್ತದೆ.

ಇನ್ನು ಮರಿಸ್ವಾಮಣ್ಣನವರ ಪರಿಚಯ. ಒಂದು ಬೆಳಿಗ್ಗೆ ಬಸ್ಸು ಹಳ್ಳಕ್ಕೆ ಬಿದ್ದು ಎದ್ದಾಗ ಇಯರ್‌ಫೋನಿನ ತಂತಿ ಫೋನಿನಿಂದ ಕಳಚಿಕೊಂಡು, ಹಾಡು ಬಸ್ಸಿಗೆಲ್ಲ ಕೇಳಿಸಿಬಿಟ್ಟಿತು. ಹಾಲಿನ ಕ್ಯಾನು, ಸೊಪ್ಪಿನ ಮೂಟೆ, ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು ತುಂಬಿದ ಆ ಬಸ್ಸಿನಲ್ಲಿ ಅಮೆರಿಕದ ಗಂಡಸೊಬ್ಬ ಗಂಟಲು ಬಿರಿಯುವಂತೆ ಗೋಳಾಡಿದ. ನಾನು ತಂತಿಯನ್ನು ತೂತಿಗೆ ಸೇರಿಸಲು ಪರದಾಡುತ್ತಿದ್ದರೆ, ಖಾಕಿ ಅಂಗಿ ತೊಟ್ಟು ಪಕ್ಕದಲ್ಲಿ ಕುಳಿತಿದ್ದವರು ಬಾಗಿ ಕೇಳಿದರು:

“ಯಾಕ್ ಸಾ ಅಂಗೆ ಅಳ್ತಾವ್ನೆ?”

ತಮಾಷೆ ಮಾಡುತ್ತಿದ್ದಾರೆಂದು ಮುಖ ನೋಡಿದೆ. ತಮಾಷೆಯ ಮುಖವಲ್ಲ, ದನ ಯಾಕೆ ಮೇವು ಬಿಟ್ಟಿದೆ ಎಂದು ವಿಚಾರಿಸುವವರ ಮುಖ.

“ಅವನ ನಾಯಿ ಸತ್ತುಹೋಗಿದೆಯಂತೆ.”

“ಯಾವ್ ಕಾಯ್ಲೆ?”

“ಅದನ್ನು ಹೇಳಿಲ್ಲ.”

“ಯೋಳ್ಬೇಕಾಗಿತ್ತು. ಉಳದ ಔಸ್ದಿ ಕುಡ್ಸಿರಕಿಲ್ಲ ಅವ್ನು. ಪದ ಕಟ್ಟಕ್ ಬತ್ತದೆ, ನಾಯ್ಗೆ ಔಸ್ದಿ ಕುಡ್ಸಕ್ ಬರಕಿಲ್ಲ.” ಆಮೇಲೆ ಕೈ ಚಾಚಿ, “ಒಸಿ ಕೊಡಿ ಸಾ ಇತ್ತಗೆ, ಇನ್ನೇನಂತಾನೆ ಕೇಳವ” ಎಂದರು.

ಹೀಗೆ ಬಲಗಿವಿ ಅವರದಾಯಿತು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ; ಅದರ ಚಿಂತೆಯೂ ಇರಲಿಲ್ಲ. ನಾನು ಸಾಲು ಸಾಲಾಗಿ ಅರ್ಥ ಹೇಳುತ್ತಿದ್ದೆ. ಅವರು ವಿಚಾರಣೆ ನಡೆಸುತ್ತಿದ್ದರು. ಲಾರಿಯವನು ಊರಿಂದೂರಿಗೆ ಹೋಗುವ ಹಾಡಿನಲ್ಲಿ, “ಲೋಡೇನು ಸಾ?” ಎಂದರು. ಹೇಳಿಲ್ಲವೆಂದೆ. “ಲೋಡಿಲ್ದೆ ಅಷ್ಟು ದೂರ ಯಾಕೋದ ಮತ್ತೆ? ಡೀಸೆಲ್ ಯಾರಪ್ಪನ್ದು?” ಹೆಂಡತಿ ಕುದುರೆಯೇರಿ ಬಿಟ್ಟುಹೋದ ಹಾಡಿಗಂತೂ ಅವರು ವಾರವೆಲ್ಲ ಮರುಗಿದರು. “ಎಂಡ್ತಿ ಓದ್ಲು, ಅದವಳಿಷ್ಟ. ಕುದ್ರೆ ಯಾನ್ ತಪ್ ಮಾಡಿತ್ತು ಸಾ? ಒಸ ಜಾಗದಲ್ಲಿ ಮೇವು ಮುಟ್ಟಕಿಲ್ಲ ಅದು.” ಹಾಡುಗಳಿಗೆ ಅವರೇ ಹೆಸರಿಟ್ಟಿದ್ದರು. ನಾಯಿ ಪದ, ಲಾರಿ ಪದ, ಕುದ್ರೆ ಪದ, ಅವ್ವನ ಪದ. ನನಗೆ ಇಂದಿಗೂ ಅವುಗಳ ಅಸಲು ಹೆಸರು ಬಾಯಿಗೆ ಬರುವುದಿಲ್ಲ.

ಯಾರ ಮುಂದೆಯೂ ಆಡಿರದ ಮಾತುಗಳನ್ನು ನಾನು ಆ ಸೀಟಿನಲ್ಲಿ ಆಡಿದ್ದೇನೆ. ಅವು ದೊಡ್ಡ ಗುಟ್ಟುಗಳೇನಲ್ಲ. ‘ಈ ವರ್ಷ ಮತ್ತೆ ಕರೆಯುತ್ತಾರೋ ಇಲ್ಲವೋ’ ಎನ್ನುವಂಥವು. ಪ್ರತಿ ವರ್ಷ ಹೊಸಬನಂತೆ ಅರ್ಜಿ ಹಾಕಿ, ಹೊಸಬನಂತೆ ಕಾಯುವುದು ಮನುಷ್ಯನನ್ನು ಎಷ್ಟು ದಣಿಸುತ್ತದೆ ಎಂಬುದನ್ನು ಸಹೋದ್ಯೋಗಿಗಳೊಡನೆ ಹೇಳುವಂತಿಲ್ಲ; ಅವರೂ ದಣಿದಿರುತ್ತಾರೆ. ಮನೆಯಲ್ಲಿ ಹೇಳುವಂತಿಲ್ಲ, ಅಪ್ಪ ಅವ್ವ ಇನ್ನೊಬ್ಬರ ಹೊಲದಲ್ಲಿ ಬೆನ್ನು ಬಗ್ಗಿಸಿ ನನ್ನನ್ನು ಓದಿಸಿದವರು, ಕುರ್ಚಿಯ ಮೇಲೆ ಕುಳಿತು ಮಾಡುವ ಕೆಲಸದಲ್ಲಿ ದಣಿವೆಂಬುದಿದೆ ಎಂದು ಅವರಿಗೆ ಹೇಗೆ ಹೇಳುವುದು? ಹಾಡಿನ ಮಧ್ಯೆ ಮರಿಸ್ವಾಮಣ್ಣನವರಿಗೆ ಹೇಳಿದರೆ, “ಇವ್ನೂ ಅದ್ನೆ ಅಂತಾವ್ನಲ್ಲ ಸಾ” ಎಂದು ಬಲಗಿವಿಯ ಹತ್ತಿಯನ್ನು ಒತ್ತಿಕೊಳ್ಳುತ್ತಿದ್ದರು. ಸಮಾಧಾನದ ಮಾತು ಅವರ ಬಾಯಲ್ಲಿ ಬರುತ್ತಿರಲಿಲ್ಲ. ಅದೇ ನನಗೆ ಸಮಾಧಾನವಾಗಿತ್ತು.

ನಂಜನಗೂಡು ಬರುವವರೆಗೂ ನಾನು ಎಚ್ಚರವಾಗಿದ್ದ ದಿನ ಕಡಿಮೆ. ಸಂಜೆ ಮನೆಪಾಠ, ಬೆಳಗಾಗುವ ಮೊದಲೇ ಎದ್ದು ಅಡುಗೆ, ಆಮೇಲೆ ಬಸ್ಸು. ಒಂದೆರಡು ಹಾಡುಗಳಾದ ಮೇಲೆ ಮರಿಸ್ವಾಮಣ್ಣನವರು, “ಸಾ, ಅವ್ವನ ಪದ ಆಕಿ” ಎನ್ನುತ್ತಿದ್ದರು. ಸಂಜೆ ಹೊತ್ತಿನಲ್ಲಿ ಹಿತ್ತಲಿನಲ್ಲಿ ಬಟ್ಟೆ ಮಡಿಸುತ್ತಾ ಮಗನ ದಾರಿ ಕಾಯುವ ತಾಯಿಯ ಹಾಡು ಅದು. ಬಹಳ ನಿಧಾನದ ಹಾಡು. ಅದು ಮುಗಿಯುವುದನ್ನು ಆ ಬಸ್ಸಿನಲ್ಲಿ ನಾನು ಕೇಳಿದ್ದೇ ಇಲ್ಲ. ಎಚ್ಚರವಾಗುತ್ತಿದ್ದುದು ಅವರು ಭುಜ ತಟ್ಟಿ, “ಸಾ, ಗೋಪುರ ಕಾಣ್ತದೆ, ಏಳಿ” ಎಂದಾಗ. ಎದ್ದರೆ ನನ್ನ ತಲೆ ಅವರ ಖಾಕಿ ಅಂಗಿಯ ಮೇಲಿರುತ್ತಿತ್ತು. ನಾನು ಕ್ಷಮೆ ಕೇಳುತ್ತಿದ್ದೆ. “ಎತ್ತು ಒರಗ್ಕಂಡ್ರೂ ನಿಂತ್ಕಳೋನು ನಾನು, ನೀವೆಷ್ಟ್ ತೂಕ ಬುಡಿ” ಎನ್ನುತ್ತಿದ್ದರು.

ಬೇಸಿಗೆಯ ರಜೆ ಮುಗಿದು ಬಸ್ಸು ಹತ್ತಿದ ದಿನ ಆ ಸೀಟಿನಲ್ಲಿ ಅವರಿರಲಿಲ್ಲ. ಟಿಕೆಟ್ ಹರಿಯುತ್ತಾ ಕಂಡಕ್ಟರು, “ನಿಮ್ಗ್ ಗೊತ್ತಿಲ್ವಾ ಸಾ? ಮರಿಸ್ವಾಮಣ್ಣ ಓಗ್ಬುಟ್ರಲ್ಲ. ದನಕ್ ಮೇವ್ ಆಕ್ತಾ ಇದ್ದೋರು ಅಂಗೇ ಕುಸ್ದು ಕೂತ್ರಂತೆ” ಎಂದರು. ಅಂದು ಸಂಜೆ ಹೆಮ್ಮಿಗೆಗೆ ಹೋದೆ. ಮಣ್ಣು ಮಾಡಿ ಆಗಲೇ ದಿನಗಳಾಗಿದ್ದವು. ಸಣ್ಣಮ್ಮನವರು ಜಗುಲಿಯಲ್ಲಿ ಕುಳಿತಿದ್ದರು. ಸರಿಯಾದ ಸಂತಾಪದ ವಾಕ್ಯವೊಂದನ್ನು ದಾರಿಯುದ್ದಕ್ಕೂ ಕಟ್ಟಿಕೊಂಡು ಹೋಗಿದ್ದ ನಾನು ಅದನ್ನು ಆಡಲಾಗದೆ, ನನ್ನ ಫೋನ್ ನಂಬರು ಕೊಟ್ಟು ಬಂದೆ. ಆ ನಂಬರಿಗೇ ಈಗ ಕರೆ ಬಂದದ್ದು.

ನಮ್ಮ ಮನೆಯಲ್ಲಿ ಎಡೆ ಇಡುವುದಿಲ್ಲ. ನಾನು ಚಿಕ್ಕವನಿದ್ದಾಗಲೇ ಅಪ್ಪ ಅದನ್ನೆಲ್ಲ ಬಿಟ್ಟು, ಗೋಡೆಗೆ ಬುದ್ಧನ ಪಟ ಹಾಕಿದವರು. ಹಾಗಾಗಿ ಎಡೆಮನೆಯಲ್ಲಿ ಹೇಗೆ ನಿಲ್ಲಬೇಕು, ಏನು ಮಾಡಬಾರದು ಎಂಬುದು ನನಗೆ ತಿಳಿಯದು. ಹೋಗುವುದೇ ಸರಿಯೋ ಎಂಬುದೂ ತಿಳಿಯದು. ನಮ್ಮೂರು ಹೆಮ್ಮರಗಾಲಕ್ಕೆ ಹೋಗಿ ಅಪ್ಪನನ್ನು ಕೇಳಿದೆ.

“ನಾವು ಎಡೆ ಬುಟ್ವಿ. ಯಾಕ್ ಬುಟ್ವಿ ಅಂತ ನಿಂಗೊತ್ತು” ಎಂದರು ಅಪ್ಪ. “ಎಡೆ ಬುಟ್ವಿ ಕಣ್ಲಾ, ಜನವ ಬುಟ್ವಾ? ಓಗ್ಬಾ.” ಆಮೇಲೆ, “ಇಕ್ಕಂಡ್ ಓಗಕೆ ಒಳ್ಳೆ ಅಂಗಿ ಅದಾ?” ಎಂದು ಕೇಳಿದರು.

ಅಮಾವಾಸ್ಯೆಯ ದಿನ ಮಧ್ಯಾಹ್ನ ಒಳ್ಳೆಯ ಅಂಗಿ ತೊಟ್ಟು ಹೆಮ್ಮಿಗೆಗೆ ಹೋದೆ. ಬೇರೆಯವರ ಮನೆಯ ಹೊಸಿಲಿನ ಮುಂದೆ ಒಂದು ಕ್ಷಣ ನಿಂತು ನೋಡುವುದು ನನಗೆ ಅಪ್ಪನಿಂದ ಬಂದ ಅಭ್ಯಾಸ. ನಿಂತದ್ದನ್ನು ಕಂಡ ಸಣ್ಣಮ್ಮನವರು, “ಅಲ್ಯಾಕ್ ನಿಂತ್ರಿ? ಒಳಿಕ್ ಬನ್ನಿ ಮೇಷ್ಟ್ರೇ, ಪದ ಬಾಗ್ಲಲ್ ನಿಂತ್ರೆ ಎಡೆ ಎಂಗಾದದು?” ಎಂದರು. ಮರಿಸ್ವಾಮಣ್ಣನವರ ಅಕ್ಕ ದೊಡ್ಡತಾಯಮ್ಮ ಎಂಬ ಮುದುಕಿ ಒಲೆಯ ಮುಂದೆ ಕಜ್ಜಾಯ ಬೇಯಿಸುತ್ತಿದ್ದರು. ಅವರಿಗೆ ಈ ಏರ್ಪಾಡು ಸ್ವಲ್ಪವೂ ಒಪ್ಪಿಗೆಯಿರಲಿಲ್ಲ.

“ಇಂಗ್ಲೀಸ್ ಪದ ಎಡೆಗೆ ಇಡದಾ? ಎಲ್ಲಾರ ಉಂಟಾ? ಬರೋನು ಅವ್ನೊಬ್ನೆ ಅಲ್ಲ. ನಮ್ಮಪ್ಪ ಬತ್ತನೆ, ನಮ್ ತಾತ ಬತ್ತನೆ. ದೊರೆಗಳ ಕಾಲ್ದೋರು ಅವ್ರು. ಬಿಳಿ ದೊರೆ ಬಂದವ್ನೆ ಅಂತ ಎದ್ರುಕಂಡು ಎಲೆ ಮುಂದಿಂದ ಎದ್ದೋಗ್ಬುಡ್ತಾರೆ!”

“ಎದ್ರುಕಳಕಿಲ್ಲ ಬುಡತ್ತಿಗೆ” ಎಂದರು ಸಣ್ಣಮ್ಮ. “ನಮ್ ಮೊಮ್ಮಗ ಏನ್ ಗೆಯ್ಮೆ ಮಾಡವ್ನೆ ನೋಡು, ದೊರೆಗೊಳ ಕೈಲೆ ಪದ ಯೋಳುಸ್ತಾವ್ನೆ ಅಂತ ಎಚ್ಚಾಗಿ ಉಣ್ತಾರೆ.”

ನಾನು ಫೋನನ್ನು ತೆಗೆದು, “ಅವ್ವನ ಪದ ಅವರಿಗೆ ಬಹಳ ಇಷ್ಟವಾಗಿತ್ತು, ಅಕ್ಕ. ದಿನವೂ ಅದನ್ನೇ ಕೇಳುತ್ತಿದ್ದರು” ಎಂದು ಹಾಡನ್ನು ಹಾಕಿದೆ. ಸಣ್ಣಮ್ಮನವರು ಅಕ್ಕಿ ಆರಿಸುತ್ತಿದ್ದ ಮೊರವನ್ನು ಕೆಳಗಿಟ್ಟು ಕೇಳಿದರು. ತಲೆಯಾಡಿಸಿದರು.

“ಇದಲ್ಲ.”

“ಇದೇ, ಅಕ್ಕ. ನನಗೆ ಚೆನ್ನಾಗಿ ಗೊತ್ತು.”

“ಇದ್ಯಾವ್ದೋ ಜೋಗುಳ ಇದ್ದಂಗದೆ. ಅವ್ರು ಗುನುಗ್ತಿದ್ದದ್ದು ಬ್ಯಾರೆ ಕಣಪ್ಪ. ದಿನಾ ಸಂದೇಲಿ ಬಂದು, ಕಾಲ್ ತೊಳ್ದು, ಆಲು ಕರಿವಾಗ ಗುನುಗೋರು. ಅಸ ಕೂಡ ಅದ ಕೇಳುದ್ರೆ ಸುಮ್ಕೆ ನಿಂತ್ಕತಿತ್ತು.” ಅವರು ಕಣ್ಣು ಮುಚ್ಚಿ ಮೂಗಿನಲ್ಲಿಯೇ ಗುನುಗಿ ತೋರಿಸಿದರು.

ನಾನು ಕೇಳಿದೆ, ತಿಳಿಯಲಿಲ್ಲ. ಮತ್ತೊಮ್ಮೆ ಗುನುಗಿಸಿದೆ, ಆಗಲೂ ತಿಳಿಯಲಿಲ್ಲ. ಅಷ್ಟು ವರ್ಷ ಆ ಹಾಡುಗಳನ್ನು ಕೇಳಿದ ನನಗೆ ಅವುಗಳ ಮಾತುಗಳು ಗೊತ್ತಿದ್ದವು, ಕ್ರಿಯಾಪದಗಳು ಗೊತ್ತಿದ್ದವು. ಮಾತು ಕಳಚಿ ರಾಗವೊಂದನ್ನೇ ಮುಂದಿಟ್ಟರೆ, ತ್ರಿಪದಿಯೋ ಸೋಬಾನೆಯೋ ಅಮೆರಿಕವೋ ಎಂದು ಹೇಳುವ ಸಾಮರ್ಥ್ಯ ನನಗಿರಲಿಲ್ಲ. ಕಾರ್ಡಿನಲ್ಲಿದ್ದ ಹಾಡುಗಳ ಆರಂಭವನ್ನು ಒಂದೊಂದಾಗಿ ಕೇಳಿಸುತ್ತಾ ಹೋದೆ. ನಾಯಿ ಪದ ಅಲ್ಲ. ಲಾರಿ ಪದ ಅಲ್ಲ. ಕುದುರೆಯದೂ ಅಲ್ಲ. ಎಡೆಗೆ ಹೊತ್ತಾಗುತ್ತಿತ್ತು. ಮಾತಾಡುವ ಮುದುಕ ಬಂದಾಗ ಸಣ್ಣಮ್ಮನವರೇ ಬೇಸರಪಟ್ಟರು.

“ಇವ್ನ್ಯಾರು, ಎಲೆಕ್ಸನ್ ಭಾಸಣ ಮಾಡ್ತಾವ್ನೆ? ಇದು ಪದವಲ್ಲ, ಮುಂದ್ಕೋಗಿ.”

ಮುಂದಕ್ಕೆ ಹೋದೆ. ಹಾಡುಗಳು ಮುಗಿದವು. ಸಣ್ಣಮ್ಮನವರು ಮೊರವನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡರು. ಒಂದೇ ಪ್ರಶ್ನೆಯ ಪರೀಕ್ಷೆಯಲ್ಲಿ ಅನುತ್ತೀರ್ಣನಾದವನಂತೆ ಕುಳಿತೆ. ಮರಿಸ್ವಾಮಣ್ಣನವರಿಗೆ ಮರಳಿ ಬರಲು ಮನಸ್ಸಾಗದೆ ಹೋದರೆ ಅದು ನನ್ನಿಂದ ಎಂದು, ಎಡೆಯನ್ನೇ ನಂಬದ ಮನೆಯಲ್ಲಿ ಬೆಳೆದ ನಾನು, ನಿಜವಾಗಿಯೂ ಚಿಂತಿಸಿದೆ.

“ಓಗ್ಲಿ, ಅವ್ವನ ಪದವನ್ನೇ ಇಡಿ” ಎಂದರು ಸಣ್ಣಮ್ಮ ಕೊನೆಗೆ. “ಅದೂ ಒಂದು ಲೆಕ್ಕಕ್ಕೆ ಅವ್ರದೆ. ನಿಮ್ ಪದ ಅಂತಿದ್ರು ಅದ.”

“ನನ್ನದೇ?”

“ಊಂ. ‘ಆ ಪದ ಆಕುದ್ರೆ ಮೇಷ್ಟ್ರು ಮನಿಕತರೆ ಕಣೆ. ಪಾಪ, ಮೊಕ ನೋಡುದ್ರೆ ರಾತ್ರೆಲ್ಲ ಕಣ್ ಮುಚ್ಚಿರಕಿಲ್ಲ. ಅದ್ಕೇ ನಾನೇ ಕೇಳಿ ಆಕುಸ್ಬುಡ್ತೀನಿ’ ಅಂತ.” ಅವರು ಅಕ್ಕಿಯ ಕಲ್ಲೊಂದನ್ನು ಹೊರಗೆಸೆದರು. “ನಿಮ್ಗೆ ಯೋಳಿರ್ನಿಲ್ವಾ?”

ಹೇಳಿರಲಿಲ್ಲ. ಅವರ ಇಷ್ಟವೆಂದು ನಾನು ಎಡೆಗೆ ತಂದದ್ದು ನನ್ನ ನಿದ್ದೆಯನ್ನು.

ಹೊತ್ತು ಇಳಿಯಿತು. ನಡುಮನೆಯಲ್ಲಿ ಪಟದ ಮುಂದೆ ಎಲೆ ಹಾಸಿ, ಹೊಸ ಪಂಚೆ ಇಟ್ಟು, ಒತ್ತು ಶಾವಿಗೆ, ಕೋಳಿ ಸಾರು, ಕಜ್ಜಾಯ ಎಲ್ಲವನ್ನೂ ಬಡಿಸಿದರು. ಬೀಡಿಕಟ್ಟಿನ ಪಕ್ಕದಲ್ಲಿ ಫೋನಿಗೆ ಒಂದು ಜಾಗ ಬಿಟ್ಟಿದ್ದರು. ಇಯರ್‌ಫೋನನ್ನೂ ಇಡಬೇಕೇ ಎಂದು ಕೇಳಿದೆ. “ಅದಿದ್ರೆ ಅವ್ರೊಬ್ರೆ ಕೇಳ್ಬೇಕು. ಗಟ್ಟಿಯಾಗೇ ಬುಡಿ” ಎಂದರು ಸಣ್ಣಮ್ಮ. ಅವ್ವನ ಪದವನ್ನು ಹಾಕಿ, ಸದ್ದು ಹೆಚ್ಚಿಸಿ, ಸಾಂಬ್ರಾಣಿಯ ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತಾ ಎಲ್ಲರೊಡನೆ ನಾನೂ ಹೊರಗೆ ಬಂದೆ. ದೊಡ್ಡತಾಯಮ್ಮ ಬಾಗಿಲನ್ನು ಮುಂದಕ್ಕೆ ಎಳೆದರು.

ಜಗುಲಿಯಲ್ಲಿ ಕುಳಿತೆವು. ಮುಚ್ಚಿದ ಬಾಗಿಲಿನಾಚೆ, ಯಾರೂ ಇಲ್ಲದ ನಡುಮನೆಯಲ್ಲಿ, ಅಮೆರಿಕದವನೊಬ್ಬ ತನ್ನ ತಾಯಿ ಬಟ್ಟೆ ಮಡಿಸುತ್ತಿದ್ದುದನ್ನು ನಿಧಾನವಾಗಿ ಹಾಡಿದ. ಎದುರು ಮನೆಯವರು ತಮ್ಮ ಎಡೆಯ ಬಾಗಿಲು ಮುಚ್ಚಿ ಜಗುಲಿಗೆ ಬಂದು ನಮ್ಮತ್ತ ನೋಡಿದರು. ನಾಚಿಕೆಯಾಗಬೇಕಾಗಿತ್ತು, ಆಗಲಿಲ್ಲ; ದಣಿವಷ್ಟೇ ಇತ್ತು. ಕಂಬಕ್ಕೆ ಒರಗಿದೆ. ರೂಢಿಯಂತೆ ಕಣ್ಣೆಳೆಯಿತು. ಬೇರೆಯವರ ಮನೆಯಲ್ಲಿ ನಿದ್ದೆ ಮಾಡುವುದು ಸರಿಯಲ್ಲವೆಂದು ಬಲವಂತದಿಂದ ಕಣ್ಣು ತೆರೆದುಕೊಂಡಿದ್ದೆ. ಹಾಡು ಮುಗಿಯಿತು.

ಆಗ ಒಳಗಿನಿಂದ ಆ ಮುದುಕ ಮಾತಾಡತೊಡಗಿದ.

ಕಾರ್ಡಿನಲ್ಲಿ ಅವ್ವನ ಪದದ ಮುಂದಿನದು ಅವನದು. ಅದು ತಾನಾಗಿ ಶುರುವಾಗುತ್ತದೆ ಎಂಬುದನ್ನು ನಾನು ಯೋಚಿಸಿಯೇ ಇರಲಿಲ್ಲ. ನನ್ನ ಹೆಬ್ಬೆರಳು ಅಭ್ಯಾಸಬಲದಿಂದ ಗಾಳಿಯಲ್ಲಿ ಆಡಿತು. “ತಪ್ಪಾಯಿತು, ಅಕ್ಕ, ಈಗಲೇ ನಿಲ್ಲಿಸುತ್ತೇನೆ” ಎಂದು ಎದ್ದೆ. ದೊಡ್ಡತಾಯಮ್ಮ ನನ್ನ ಪ್ಯಾಂಟಿನ ಮಂಡಿಯನ್ನೇ ಹಿಡಿದು ಜಗ್ಗಿದರು.

“ಎಲ್ಗೋಯ್ತೀಯಪ್ಪ? ಒಳಗ ಉಣ್ತಾವ್ರೆ. ಉಣ್ಣೋರ ಮುಂದ್ಕೆ ನುಗ್ಗದಾ? ಕೂತ್ಕೊ.”

ಕುಳಿತೆ. ಮುದುಕ ತನ್ನ ಪಾಡಿಗೆ ಹೇಳಿಕೊಂಡ, ನಡುವೆ ನಕ್ಕ. ನನ್ನ ಅಂಗೈ ಬೆವರಿತು. ನಾನು ಇಷ್ಟು ವರ್ಷ ಅವನನ್ನು ಬಿಟ್ಟು ಮುಂದೆ ಹೋಗುತ್ತಿದ್ದುದು ಸರಿಯಾಗಿ ಇಲ್ಲಿಯೇ. ಮಾತು ನಿಂತಿತು. ಪಿಟೀಲೊಂದು, ಬಾಗಿಲನ್ನು ಮೆಲ್ಲಗೆ ತೆರೆದು ಬಂದವರಂತೆ, ಶುರುವಾಯಿತು.

ಸಣ್ಣಮ್ಮನವರ ಕೈ ಸೆರಗಿನ ತುದಿಯಲ್ಲಿ ನಿಂತುಹೋಯಿತು. ಅವರು ಬಾಗಿಲಿನ ಕಡೆ ತಿರುಗಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. ಪಿಟೀಲು ಒಂದು ಸುತ್ತು ಮುಗಿಸಿ ಎರಡನೆಯದಕ್ಕೆ ಹೊರಳುವಾಗ, ಮಧ್ಯಾಹ್ನ ನನಗೆ ಗುನುಗಿ ತೋರಿಸಿದ್ದ ರಾಗವನ್ನು ಅವರು ಮೂಗಿನಲ್ಲಿ ಹಿಡಿದುಕೊಂಡು ಅದರ ಜೊತೆಗೆ ಹೋದರು. ಎಲ್ಲಿಯೂ ತಪ್ಪಲಿಲ್ಲ. ಹಿತ್ತಲಿನಲ್ಲಿ ಹಸುವಿನ ಕೊರಳಿನ ಗಂಟೆಯ ಸದ್ದು ನಿಂತಿತ್ತು. ಅದು ಆಗ ನಿಂತಿತೋ ಮೊದಲೇ ನಿಂತಿತ್ತೋ ನಾನು ಹೇಳಲಾರೆ.

ನಾನು ಅವರ ಭುಜದ ಮೇಲೆ ನಿದ್ದೆ ಹೋದ ಮೇಲೆ, ಗೋಪುರ ಕಾಣುವವರೆಗೆ, ಮರಿಸ್ವಾಮಣ್ಣ ಒಬ್ಬರೇ ಇದನ್ನು ಕೇಳುತ್ತಿದ್ದರು. ಅರ್ಥ ಹೇಳುವವನು ನಿದ್ದೆಯಲ್ಲಿದ್ದ. ಆ ಹಾಡನ್ನು ನಾನು ಎಚ್ಚರದಲ್ಲಿ ಪೂರ್ತಿಯಾಗಿ ಕೇಳಿದ್ದು ಆ ಜಗುಲಿಯಲ್ಲಿಯೇ ಮೊದಲು.

“ಏನಂತಾನಪ್ಪ ಅವ್ನು?” ಎಂದು ದೊಡ್ಡತಾಯಮ್ಮ ಪಿಸುಗುಟ್ಟಿದರು.

“ಗೊತ್ತಿಲ್ಲ, ಅಮ್ಮ” ಎಂದೆ.

ಪದವಿ ಪಡೆದ ಮೇಲೆ ನಾನು ಆ ಮಾತನ್ನು ಅಷ್ಟು ಸಲೀಸಾಗಿ ಯಾರಿಗೂ ಹೇಳಿರಲಿಲ್ಲ. ಮುದುಕಿ ಅದನ್ನು ಒಪ್ಪಿಕೊಂಡವರಂತೆ ತಲೆಯಾಡಿಸಿ, ಗೋಡೆಗೆ ಒರಗಿ, ಎಲೆಅಡಿಕೆ ಜಗಿಯತೊಡಗಿದರು. ಎದುರು ಮನೆಯವರು ಬಾಗಿಲು ತಟ್ಟಿ ಒಳಗೆ ಹೋಗಿ ಆಗಿತ್ತು. ನಮ್ಮ ಹಾಡು ಮುಗಿದು ಲಾರಿ ಪದ ಬಂತು. ಅದರ ಹಿಂದೆ ಇನ್ನೂ ಬಹಳ ಹಾಡುಗಳಿದ್ದವು.

“ಬಾಗ್ಲು ತಟ್ಟವ್ವ ಸಣ್ಣಿ, ಸಾರು ಆರೋಯ್ತದೆ” ಎಂದರು ದೊಡ್ಡತಾಯಮ್ಮ.

ಸಣ್ಣಮ್ಮನವರು ಏಳಲಿಲ್ಲ.

“ಆರ್ಲಿ ಬುಡತ್ತಿಗೆ.”